ಕೈಗೆಲಸದ ಮೂಲೆ: ಹೈವೋಲ್ಟೇಜಿಗೆ ಯಾವ ಅಂಟು?



ಈ ಸಲದ ಶ್ರಾವಣದಲ್ಲಿ, ಹನುಮಾನ್ ಘಾಟಿನ ಹಿಂದಿನ ಓಣಿಯಿಂದ ನಿಮ್ಮಂಥವನೇ ಒಬ್ಬ ಹುಡುಗ ನಮ್ಮ ಮನೆಗೆ ಬಂದ. ಕಾಶಿಯಲ್ಲೇ ಹುಟ್ಟಿ ಬೆಳೆದವನು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಬನಾರಸಿ ಹಿಂದಿ. ಇಂಜಿನಿಯರಿಂಗ್ ಎರಡನೇ ವರ್ಷ. ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದು ಕೈಯಲ್ಲಿ ಬಚ್ಚಲುಮನೆಯ ಸಿಂಕಿಗೆ ಮೆತ್ತುವ ಸಿಲಿಕೋನ್ ಟ್ಯೂಬು.

"ಅಂಕಲ್, ಅಜ್ಜಿಯ ಹಳೇ ಟಿ.ವಿ. ಹಿಂದಿನಿಂದ ಚುರ್ ಚುರ್ ಅಂತ ಸದ್ದು ಬರ್ತಿದೆ. ಕತ್ತಲಲ್ಲಿ ನೀಲಿ ಬೆಳಕೂ ಕಾಣ್ತದೆ. ಎಲ್ಲಿಂದ ಅಂತ ಗೊತ್ತಾಯ್ತು. ಇದನ್ನ ಮೆತ್ತಿಬಿಡಲಾ?"

ನಾನು ಮೊದಲು ಆ ಟ್ಯೂಬನ್ನು ಅವನ ಕೈಯಿಂದ ತೆಗೆದಿಟ್ಟೆ. ಆಮೇಲೆ ಕಾಫಿ ಕೊಟ್ಟೆ. ಕಾಫಿ ಆರುವ ತನಕ ಅವನಿಗೆ ಹೇಳಿದ್ದನ್ನೇ ಈ ತಿಂಗಳು ನಿಮಗೂ ಹೇಳುತ್ತೇನೆ. ಏಕೆಂದರೆ, ಅದೇ ತಪ್ಪನ್ನು ನಾನು ಅವನಿಗಿಂತ ಮೊದಲೇ ಮಾಡಿ ಮುಗಿಸಿದ್ದೇನೆ.

ಅದು 1996. ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ - ಪಾಕಿಸ್ತಾನಗಳ ವಿಶ್ವಕಪ್ ಕ್ವಾರ್ಟರ್ ಫೈನಲ್. ನಮ್ಮ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್ ಮೂವರೂ ತಂಡದಲ್ಲಿದ್ದರು. ಹಿಂದಿನ ಸಂಜೆ ನೆರೆಮನೆಯವರ ಕಲರ್ ಟಿ.ವಿ.ಯಲ್ಲಿ ಇದೇ ಚುರ್ ಚುರ್. ಕನ್ನಡದವರೇ, ನನ್ನ ಮೇಲೆ ಬಲು ನಂಬಿಕೆ. ನಾನು ಹಾರ್ಡ್‌ವೇರ್ ಅಂಗಡಿಯಿಂದ ಗಾಜಿಗೆ ಹಾಕುವ ಸಿಲಿಕೋನ್ ತಂದು, ಇ.ಎಚ್.ಟಿ. ತಂತಿ ಸೀಳಿದ್ದ ಕಡೆ ಲಿಂಬೆಹಣ್ಣಿನ ಗಾತ್ರದ ಮುದ್ದೆ ಮೆತ್ತಿದೆ. ಮರುದಿನ ಸದ್ದಿಲ್ಲ! ಪ್ರಸಾದ್ ಅವರು ಆಮೇರ್ ಸೊಹೈಲ್ ವಿಕೆಟ್ ಎಗರಿಸಿದಾಗ ಓಣಿಯೇ ಕುಣಿಯಿತು. ಭಾರತ 39 ರನ್ನುಗಳಿಂದ ಗೆದ್ದಿತು. ನನಗೆ ಎರಡು ಸಲ ಹೋಳಿಗೆ ಊಟ.

ಆಷಾಢ ಬಂತು, ಮಳೆ ಹಿಡಿಯಿತು. ಒಂದು ರಾತ್ರಿ ಅದೇ ಟಿ.ವಿ.ಯಿಂದ ಹೊಗೆ. ಪರದೆಗೆ ಬೆಂಕಿ ತಗುಲಿ ಗೋಡೆ ಕಪ್ಪಾಯಿತು. ಅದೇ ಕೋಣೆಯಲ್ಲಿ ಎರಡು ಮಕ್ಕಳು ಮಲಗಿದ್ದರು. ಮನೆಯಾಕೆಗೆ ಎಚ್ಚರವಾಗಿ ಮೇನ್ ಆಫ್ ಮಾಡಿದ್ದರಿಂದ ಅನಾಹುತ ತಪ್ಪಿತು. ಬೆಳಿಗ್ಗೆ ಮುದ್ದೆಯನ್ನು ಸೀಳಿ ನೋಡಿದೆ. ಹೊರಗೆ ಗಟ್ಟಿ ರಬ್ಬರು. ಒಳಗೆ ತಂತಿಯ ತಾಮ್ರ ದೇವರ ಮನೆಯ ಹಳೇ ಪಂಚಪಾತ್ರೆಯಂತೆ ಹಸಿರುಗಟ್ಟಿತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಎಳೆದಂತೆ ಕರಿ ಗೆರೆ. ಮನೆಯ ಯಜಮಾನರು ಬೈಯಲಿಲ್ಲ. "ನಮಗೆ ನಿನ್ನ ಕೆಲಸ ತಿಳಿಯೋದಿಲ್ಲ ಮಾರಾಯ, ನಿನ್ನ ಮಾತು ನಂಬಿದ್ದೆವು" ಅಂದರು, ಅಷ್ಟೇ. ಬೈದಿದ್ದರೆ ನಾನು ಎಂದೋ ಮರೆಯುತ್ತಿದ್ದೆ.

ಈಗ ವಿಷಯಕ್ಕೆ ಬರೋಣ.

ಎಷ್ಟು ವೋಲ್ಟು?

ಪಿಕ್ಚರ್ ಟ್ಯೂಬಿನ ಕಲರ್ ಟಿ.ವಿ.ಯಲ್ಲಿ ಟ್ಯೂಬಿನ ಬೆನ್ನಿಗೆ ಹೋಗುವ ದಪ್ಪ ಕೆಂಪು ತಂತಿಯಲ್ಲಿ ಸುಮಾರು 20,000ದಿಂದ 30,000 ವೋಲ್ಟ್ ಇರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತಲ್ಲ, ಆ ಲೈನಿನ ವೋಲ್ಟೇಜು ಸುಮಾರು 30,000. ಮೈಸೂರು ಸಂಸ್ಥಾನ ಎತ್ತರದ ಕಂಬಗಳ ಮೇಲೆ ಕಳುಹಿಸಿದ ಒತ್ತಡವೇ ಅಜ್ಜಿಯ ಟೀಪಾಯಿಯ ಮೇಲೆ ಕೂತಿದೆ ಅನ್ನಿ! ಕರೆಂಟು ಮಾತ್ರ ಬಲು ಕಡಿಮೆ.

ಟಿ.ವಿ. ಹಳೆಯದಾಯಿತು, ನಮಗೇಕೆ ಎನ್ನಬೇಡಿ. ಮೈಕ್ರೋವೇವ್ ಓವನ್, ಸೊಳ್ಳೆ ಬ್ಯಾಟು, ಗಾಳಿ ಶುದ್ಧ ಮಾಡುವ ಅಯೊನೈಸರ್, ಮರ ಕೊರೆಯುವ ಲೇಸರ್ ಯಂತ್ರ, ಕಾಲೇಜು ಪ್ರಯೋಗಾಲಯದ ಹಳೇ ಆಸಿಲೋಸ್ಕೋಪು ಎಲ್ಲದರಲ್ಲೂ ಸಾವಿರಗಟ್ಟಲೆ ವೋಲ್ಟು ಇದೆ.

ಕಿಡಿ ಏಕೆ ಹಾರುತ್ತದೆ?

ಒಣ ಗಾಳಿ ಸುಮಾರಾಗಿ ಮಿಲಿಮೀಟರಿಗೆ 3,000 ವೋಲ್ಟ್ ತಡೆಯುತ್ತದೆ. ಅದೂ ನುಣುಪಾದ ಲೋಹಗಳ ನಡುವೆ. ಚೂಪಾದ ಬೆಸುಗೆ ತುದಿ, ಬಿಡಿ ಎಳೆ ಇದ್ದರೆ ಇನ್ನೂ ಕಡಿಮೆಗೇ ಸೋಲುತ್ತದೆ. ಪೂರ್ತಿ ಕಿಡಿ ಹಾರುವ ಮುಂಚೆ ತುದಿಯ ಸುತ್ತ ನೀಲಿ ಬೆಳಕು, ಚುರ್ ಸದ್ದು, ಮೂಗಿಗೆ ಕಟುವಾಸನೆ. ಇದು ಕರೋನಾ. ವಾಸನೆ ಓಝೋನಿನದು. ಓಝೋನ್ ಸಾಧಾರಣ ರಬ್ಬರನ್ನು ಬಿರಿಸುತ್ತದೆ. ಸಿಲಿಕೋನ್ ರಬ್ಬರು ಅದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಹೈವೋಲ್ಟೇಜಿನಲ್ಲಿ ಸಿಲಿಕೋನಿಗೆ ಮರ್ಯಾದೆ ಬರಲು ಅದೂ ಒಂದು ಕಾರಣ.

ಎರಡನೆಯ ದಾರಿ ಮೇಲ್ಮೈಯದು. ಕಾಶಿಯ ಮೇ ತಿಂಗಳ ಲೂ ಗಾಳಿ ಧೂಳು ತಂದು ಕೂರಿಸುತ್ತದೆ. ಮನೆಯ ಊದಿನಕಡ್ಡಿ, ಕರ್ಪೂರದ ಮಸಿ ಅದರ ಮೇಲೆ. ಜುಲೈ ಬಂದೊಡನೆ ಗಂಗೆಯ ಕಡೆಯ ತೇವ. ಮೂರೂ ಸೇರಿದರೆ ಧೂಳಿನ ಪದರವೇ ತೆಳು ತಂತಿಯಾಗುತ್ತದೆ. ಅದರ ಮೇಲೆ ಹರಿದ ಕಿರು ಕರೆಂಟು ಪ್ಲಾಸ್ಟಿಕನ್ನು ಸುಟ್ಟು ಇದ್ದಿಲ ಗೆರೆ ಮಾಡುತ್ತದೆ. ಇದ್ದಿಲು ವಿದ್ಯುತ್ ಹರಿಸುತ್ತದೆ. ಗೆರೆ ಉದ್ದವಾಗುತ್ತ ಹೋಗುತ್ತದೆ. ಲೈನು ಕಂಬದ ಪಿಂಗಾಣಿ ಇನ್ಸುಲೇಟರಿಗೆ ಲಂಗದ ನೆರಿಗೆಯಂಥ ಸುತ್ತುಗಳಿವೆಯಲ್ಲ, ಅವು ಈ ಮೇಲ್ಮೈ ದಾರಿಯನ್ನು ಉದ್ದ ಮಾಡಲೆಂದೇ ಇರುವುದು.

ಅಂಟಿನ ಕೆಲಸ ಈ ಎರಡು ದಾರಿಗಳನ್ನೂ ಮುಚ್ಚುವುದು. ಯಾವ ಅಂಟು ಎಂಬುದು ಮುಂದಿನ ಪ್ರಶ್ನೆ.

ಅರಗಿನಿಂದ ಆರಂಭ

ಇದು ಹೊಸ ಪ್ರಶ್ನೆಯೂ ಅಲ್ಲ, ಪರಕೀಯವೂ ಅಲ್ಲ. ವಿದ್ಯುತ್ತಿನ ಮೊದಲ ದಶಕಗಳಲ್ಲಿ ಜಗತ್ತು ಬಳಸಿದ ಮುಖ್ಯ ಇನ್ಸುಲೇಟಿಂಗ್ ವಾರ್ನಿಶ್ ನಮ್ಮ ದೇಶದ ಅರಗಿನದು. ಕಾಶಿಯ ಪಕ್ಕದ ಮಿರ್ಜಾಪುರ ಅರಗಿನ ದೊಡ್ಡ ಪೇಟೆಯಾಗಿತ್ತು. ಇಲ್ಲಿನ ಮರದ ಗೊಂಬೆಗಳಿಗೂ ನಮ್ಮ ಚನ್ನಪಟ್ಟಣದ ಗೊಂಬೆಗಳಿಗೂ ಹೊಳಪು ಕೊಡುವುದು ಅರಗೇ. ಅರಗು ಸಾಲದೆ ಬಂದಾಗ ಅದಕ್ಕೆ ಬದಲಿ ಹುಡುಕುತ್ತ ಲಿಯೋ ಬೇಕ್‌ಲೆಂಡ್ 1907ರಲ್ಲಿ ಬೇಕಲೈಟ್ ಕಂಡುಹಿಡಿದರು. ಅಲ್ಲಿಂದ ಪ್ಲಾಸ್ಟಿಕ್ ಯುಗ.

ಇನ್ನೊಂದು ನಂಟು ಕೇಳಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯ 1916ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಅವರ ಕಾಲದಲ್ಲೇ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಬೀಳುವ ಅಳಿಸಲಾಗದ ಶಾಯಿ ಅಲ್ಲಿಯದೇ. ಮುಂದಿನ ಸಲ ಮತ ಹಾಕಿ ಬಂದಾಗ ಬೆರಳು ನೋಡಿಕೊಳ್ಳಿ.

ಆದರೆ ಅರಗು ಬಿಸಿಗೆ ಕರಗುತ್ತದೆ, ಉರಿಯುತ್ತದೆ. ಪುರೋಚನ ಪಾಂಡವರಿಗೆ ಅರಗಿನ ಮನೆ ಕಟ್ಟಿದ್ದು ಏಕೆಂದು ನಿಮ್ಮ ಅಜ್ಜಿಯನ್ನು ಕೇಳಿ! ಆದ್ದರಿಂದ ಇಂದಿನ ಅಂಟು ಕೊಳ್ಳುವಾಗ ಅದು ಬೆಂಕಿಯನ್ನು ತಾನೇ ಆರಿಸಿಕೊಳ್ಳುತ್ತದೆಯೇ ಎಂಬುದನ್ನೂ ನೋಡಬೇಕು. ಮಾಹಿತಿ ಪತ್ರದಲ್ಲಿ 'ಯು.ಎಲ್. 94 ವಿ-0' ಎಂದಿದ್ದರೆ ಒಳ್ಳೆಯದು.

ಯಾವುದು ಬೇಡ?

ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಬಚ್ಚಲು, ಕಿಟಕಿ, ಅಕ್ವೇರಿಯಂಗೆ ಬಳಸುವುದು ಹೆಚ್ಚಾಗಿ ಇದೇ. ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ತಾಮ್ರಕ್ಕೆ, ಬೆಸುಗೆಗೆ ಅದು ಶತ್ರು. 1996ರಲ್ಲಿ ನಾನು ಮೆತ್ತಿದ್ದು ಇದನ್ನೇ. ಹಾಗೆಂದು ಮಾಲಿನಲ್ಲಿ ದೋಷವಿರಲಿಲ್ಲ. ಗಾಜಿಗೆ ಅದು ಉತ್ತಮ. ತಪ್ಪು ಜಾಗಕ್ಕೆ ಹಾಕಿದವನು ನಾನು.

ಕೊಳಾಯಿಗೆ ಮೆತ್ತುವ ಎಪಾಕ್ಸಿ ಪುಟ್ಟಿ ಬೇಡ. ಕೆಲವಕ್ಕೆ ಬಲ ಬರಲೆಂದು ಉಕ್ಕಿನ ಪುಡಿ ಬೆರೆಸಿರುತ್ತಾರೆ. ಕಿಡಿಗೆ ಬೇಲಿ ಕಟ್ಟುವ ಬದಲು ಸೇತುವೆ ಕಟ್ಟಿದಂತೆ. ಕಪ್ಪು ಬಣ್ಣದ ಅಂಟಿನಲ್ಲಿ ಕಾರ್ಬನ್ ಇರಬಹುದು. ಮಾಹಿತಿ ಪತ್ರ ಓದದೆ ಹಚ್ಚಬೇಡಿ.

ಹಾಟ್ ಗ್ಲೂ ಬೇಡ. ಟ್ರಾನ್ಸ್‌ಫಾರ್ಮರಿನ ಬಿಸಿಗೆ ಮೆತ್ತಗಾಗಿ ಕಿತ್ತು ಬರುತ್ತದೆ. ದಿಢೀರ್ ಅಂಟು ಬೇಡ, ಒಣಗಿದರೆ ಗಾಜಿನಂತೆ ಒಡೆಯುತ್ತದೆ. ಕಪ್ಪು ಪಿ.ವಿ.ಸಿ. ಟೇಪು ಮನೆಯ 230 ವೋಲ್ಟಿಗೆ ಸರಿ. ಇಲ್ಲಿ ಅದರ ಸುತ್ತುಗಳ ನಡುವೆ ಗಾಳಿ ಉಳಿಯುತ್ತದೆ, ಬೇಸಿಗೆಯಲ್ಲಿ ಅಂಟು ಜಾರುತ್ತದೆ.

ಆ ಉಳಿದ ಗಾಳಿ ಅಷ್ಟು ಕೆಟ್ಟದ್ದೇ ಎಂದು ನೀವು ಕೇಳಬಹುದು. ಹೌದು. ಏರಿಳಿಯುವ ವೋಲ್ಟೇಜಿನಲ್ಲಿ, ಅಂಟಿನೊಳಗಿನ ಚಪ್ಪಟೆ ಗುಳ್ಳೆಯ ಮೇಲೆ ಬೀಳುವ ಒತ್ತಡ ಸುತ್ತಲಿನ ಸಿಲಿಕೋನಿನ ಮೇಲೆ ಬೀಳುವುದಕ್ಕಿಂತ ಸುಮಾರು ಮೂರು ಪಟ್ಟು. ತಡೆಯುವ ಶಕ್ತಿ ಮಾತ್ರ ಗಾಳಿಗೇ ಕಡಿಮೆ. ಬಡವನ ತಲೆಯ ಮೇಲೆ ದೊಡ್ಡ ಮೂಟೆ! ಗುಳ್ಳೆಯಲ್ಲಿ ಕಿರು ಕಿಡಿಗಳು ಹಾರುತ್ತ, ಒಳಗಿಂದಲೇ ಗೆದ್ದಲಿನಂತೆ ತಿನ್ನುತ್ತವೆ. ಅದಕ್ಕೇ ದಪ್ಪ ಮುದ್ದೆಗಿಂತ ಗುಳ್ಳೆಯಿಲ್ಲದ ತೆಳು ಪದರ ಲೇಸು.

ಯಾವುದು ಬೇಕು?

ತಂತಿ, ಬೆಸುಗೆ, ಸಣ್ಣ ಬಿರುಕುಗಳಿಗೆ ಎಲೆಕ್ಟ್ರಾನಿಕ್ಸಿಗೆಂದೇ ಮಾಡಿದ 'ನ್ಯೂಟ್ರಲ್ ಕ್ಯೂರ್' ಸಿಲಿಕೋನ್. ಇದರಲ್ಲೂ ಎರಡು ಜಾತಿ. ಆಲ್ಕಾಕ್ಸಿ ಬಗೆ ಆಲ್ಕೋಹಾಲ್ ಬಿಡುತ್ತದೆ, ತಾಮ್ರಕ್ಕೆ ತೊಂದರೆಯಿಲ್ಲ. ಆಕ್ಸೈಮ್ ಬಗೆ ಮುಚ್ಚಿದ ಜಾಗದಲ್ಲಿ ತಾಮ್ರ, ಹಿತ್ತಾಳೆಯನ್ನು ಕಂದಿಸಬಹುದು. ಸಿಕ್ಕಿದರೆ ಮೊದಲನೆಯದನ್ನೇ ಕೊಳ್ಳಿ. 'ನ್ಯೂಟ್ರಲ್' ಎಂದು ಬರೆದಿದ್ದರಷ್ಟೇ ಸಾಲದು, ಮಿಲಿಮೀಟರಿಗೆ ಎಷ್ಟು ಕಿಲೋವೋಲ್ಟ್ ತಡೆಯುತ್ತದೆಂದು ತಯಾರಕರು ಮುದ್ರಿಸಿರಬೇಕು. ಒಳ್ಳೆಯವಕ್ಕೆ ಸುಮಾರು 20 ಇರುತ್ತದೆ.

ಡಬ್ಬಿಯೊಳಗೆ ಪೂರ್ತಿ ಸುರಿದು ತುಂಬಿಸುವುದಾದರೆ ಪ್ಲಾಟಿನಂ ಬಗೆಯ ಎರಡು ಭಾಗದ ಸಿಲಿಕೋನ್. ಇದು ಆಳದಲ್ಲೂ ಗಟ್ಟಿಯಾಗುತ್ತದೆ, ಏನನ್ನೂ ಹೊರಬಿಡುವುದಿಲ್ಲ. ಆದರೆ ಗಂಧಕ, ಅಮೀನು ತಗುಲಿದರೆ ಗಟ್ಟಿಯೇ ಆಗದೆ ಪಾಯಸದಂತೆ ಉಳಿಯುತ್ತದೆ. ರಬ್ಬರ್ ಗವಸು, ಬೆಸುಗೆಯ ಫ್ಲಕ್ಸ್ ದೂರವಿರಲಿ. ಪಾಲಿಯುರಿಥೇನ್ ತೇವಕ್ಕೆ ಒಳ್ಳೆಯದು, ಬಿಸಿ ತಾಳುವುದು ಸಿಲಿಕೋನಿಗಿಂತ ಕಡಿಮೆ. ಸುರಿಯುವ ಎಪಾಕ್ಸಿ ಬಲು ಗಟ್ಟಿ, ಕಾರ್ಖಾನೆಯಲ್ಲಿ ಇ.ಎಚ್.ಟಿ. ಟ್ರಾನ್ಸ್‌ಫಾರ್ಮರುಗಳನ್ನು ತುಂಬುವುದು ಅದರಿಂದಲೇ. ಆದರೆ ಒಮ್ಮೆ ಹಾಕಿದರೆ ಮತ್ತೆ ಬಿಚ್ಚುವಂತಿಲ್ಲ. ರಿಪೇರಿಯವನು ತನ್ನ ಮುಂದಿನ ರಿಪೇರಿಯವನನ್ನೂ ನೆನೆಯಬೇಕು.

ಟ್ಯೂಬಿನ ಬೆನ್ನಿನ ರಬ್ಬರ್ ಟೋಪಿಗೆ ಮಾತ್ರ ಅಂಟು ಬೇಡವೇ ಬೇಡ. ಗಾಜು ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಅದು ನಾಳೆ ಬಿಚ್ಚಬೇಕಾದ ಜಾಗ.

ಲೆಕ್ಕ ಮಾಡಿ ನೋಡೋಣ

25,000 ವೋಲ್ಟಿಗೆ ಎಷ್ಟು ದಪ್ಪ? 25ನ್ನು 20ರಿಂದ ಭಾಗಿಸಿ 1.25 ಮಿ.ಮೀ. ಅನ್ನಬೇಡಿ. ಆ 20 ಎಂಬುದು ಪ್ರಯೋಗಾಲಯದ ತೆಳು ಹಾಳೆಯ ಮೇಲೆ, ಸ್ವಲ್ಪ ಹೊತ್ತಿಗೆ ಸಿಕ್ಕ ಅಂಕಿ. ನನ್ನ ರೂಢಿ, ಅದರಲ್ಲಿ ಕಾಲು ಭಾಗವನ್ನು ಮಾತ್ರ ನಂಬುವುದು. ಮಿ.ಮೀ.ಗೆ 5,000 ಎಂದರೆ 5 ಮಿ.ಮೀ. ಬೇಕು.

ಈ ಸಿಲಿಕೋನ್ ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ, ದಿನಕ್ಕೆ ಸುಮಾರು 2 ಮಿ.ಮೀ. ಹಾಗಾಗಿ 5 ಮಿ.ಮೀ. ಒಂದೇ ಸಲ ಮೆತ್ತುವಂತಿಲ್ಲ. ಮೂರು ಪದರ, ಮೂರು ದಿನ. ಆಮೇಲೆ ಪೂರ್ತಿ ಮಾಗಲು ಇನ್ನೂ ಕೆಲವು ದಿನ. ಒಟ್ಟು ಒಂದು ವಾರ. 1996ರಲ್ಲಿ ನಾನು ಕೊಟ್ಟದ್ದು ಒಂದು ರಾತ್ರಿ! ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೆತ್ತುವ ಮುನ್ನ ಇದ್ದಿಲ ಗೆರೆಯನ್ನು ಹಸಿ ಪ್ಲಾಸ್ಟಿಕ್ ಕಾಣುವವರೆಗೆ ಕೆರೆದು ತೆಗೆಯಬೇಕು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಬೇಕು. ಇದ್ದಿಲ ಮೇಲೆ ಅಂಟು ಹಾಕುವುದು ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದಂತೆ. ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ತಂತಿಯನ್ನೇ ಲೋಹದಿಂದ ದೂರ ಸರಿಸಲಾದೀತೇ? ದೂರವೇ ಮೊದಲ ಇನ್ಸುಲೇಶನ್. ಅಂಟು ಎರಡನೆಯದು.

2015ರಲ್ಲಿ ಕಾಶಿಯಲ್ಲೇ ಚಾಲನೆ ಪಡೆದ ಕೇಂದ್ರದ ವಿದ್ಯುತ್ ಯೋಜನೆಯಡಿ ನಮ್ಮ ಹಳೇ ಓಣಿಗಳ ತಲೆಮೇಲಿನ ತಂತಿಗಳು ನೆಲದಡಿ ಹೋದವು. ಆ ಕೇಬಲ್ಲುಗಳಲ್ಲೂ ಜೋಡಣೆಯ ಜಾಗವೇ ಸೂಕ್ಷ್ಮ: ಶುಚಿ, ಗುಳ್ಳೆಯಿಲ್ಲದಿರುವುದು, ತೇವ ತಡೆಯುವುದು. ಪಾಠ ಒಂದೇ. ಇದನ್ನೇ ಆಳವಾಗಿ ಓದುವ ಮನಸ್ಸಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೈವೋಲ್ಟೇಜ್ ಅಧ್ಯಯನದ ದೊಡ್ಡ ಪರಂಪರೆಯಿದೆ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಅಲ್ಲೇ ಇದೆ.

ಒಂದು ಕಟ್ಟುನಿಟ್ಟಿನ ಮಾತು

ಪ್ಲಗ್ ಕಿತ್ತರೂ ಪಿಕ್ಚರ್ ಟ್ಯೂಬು ಚಾರ್ಜು ಹಿಡಿದಿರುತ್ತದೆ. ಒಮ್ಮೆ ಇಳಿಸಿದರೂ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೊಂಚ ಏರುತ್ತದೆ. ಅದನ್ನು ಇಳಿಸುವ ಕ್ರಮವನ್ನು ಪುಸ್ತಕ ನೋಡಿ, ಪತ್ರಿಕೆ ನೋಡಿ ಕಲಿಯಬೇಡಿ. ಬಲ್ಲವರ ಪಕ್ಕ ನಿಂತು ಕಲಿಯಿರಿ. ಒಬ್ಬರೇ ಇರುವಾಗ ಮುಚ್ಚಳ ತೆಗೆಯಬೇಡಿ. ಮೈಕ್ರೋವೇವ್ ಓವನ್ನಿನ ಒಳಕ್ಕಂತೂ ಕೈ ಹಾಕಲೇಬೇಡಿ. ಅಲ್ಲಿ ವೋಲ್ಟು ಸುಮಾರು 2,000 ಇದ್ದರೂ ಕರೆಂಟು ಕೊಲ್ಲುವಷ್ಟಿದೆ. ಅದರ ಟ್ರಾನ್ಸ್‌ಫಾರ್ಮರ್ ಕಿತ್ತು ಮರದ ಮೇಲೆ ಮಿಂಚಿನ ಚಿತ್ತಾರ ಸುಡಲು ಹೋಗಿ ಹಲವರು ಜೀವ ಕಳೆದುಕೊಂಡಿದ್ದಾರೆ. ಅಮೆರಿಕದ ಮರಗೆಲಸಗಾರರ ಸಂಘವೊಂದು 2017ರಲ್ಲೇ ತನ್ನ ಕಾರ್ಯಕ್ರಮಗಳಲ್ಲಿ ಅದನ್ನು ನಿಷೇಧಿಸಿತು.

ಮತ್ತೊಂದು ಮಾತು. ಟ್ರಾನ್ಸ್‌ಫಾರ್ಮರ್ ಒಳಗೇ ಬಿರಿದಿದ್ದರೆ ಯಾವ ಅಂಟೂ ಉಳಿಸದು. ಬದಲಿಸಿ. ಬದಲಿ ಸಿಗದಿದ್ದರೆ "ಆಗುವುದಿಲ್ಲ" ಎನ್ನಿ. ಹೀಗೆ ಹೇಳಲು ಬರದವನು ರಿಪೇರಿ ಪೂರ್ತಿ ಕಲಿತಿಲ್ಲ.

ಅಜ್ಜಿಯ ಟಿ.ವಿ. ಏನಾಯಿತು?

ಇಬ್ಬರೂ ಹೋಗಿ ನೋಡಿದೆವು. ಟ್ರಾನ್ಸ್‌ಫಾರ್ಮರ್ ಗಟ್ಟಿಯಿತ್ತು. ಕೆಂಪು ತಂತಿ ಲೋಹದ ಪಟ್ಟಿಗೆ ತಿಕ್ಕಿ ತಿಕ್ಕಿ ಒಂದು ಕಡೆ ಸವೆದಿತ್ತು. ಮೊದಲು ತಂತಿಯನ್ನು ಮೂರು ಬೆರಳಿನಷ್ಟು ದೂರ ಸರಿಸಿ ಕಟ್ಟಿದೆವು. ಹುಡುಗ ಶುಚಿ ಮಾಡಿದ, ದಿನಕ್ಕೊಂದು ಪದರದಂತೆ ಹಚ್ಚಿದ. ಪ್ರತಿ ಪದರವನ್ನೂ ಟಾರ್ಚು ಹಾಕಿ ಗುಳ್ಳೆ ಹುಡುಕಿದ. ಎರಡನೆಯ ದಿನ ಒಂದು ಗುಳ್ಳೆ ಸಿಕ್ಕಿತು. ನಾನು ಹೇಳುವ ಮುಂಚೆ ತಾನೇ ಕೆರೆದು ತೆಗೆದು ಮತ್ತೆ ಹಚ್ಚಿದ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅನ್ನಿಸಿತು.

ಅಜ್ಜಿಗೆ ಮಾತ್ರ ಮೂರನೇ ದಿನಕ್ಕೇ ಸಹನೆ ತಪ್ಪಿತು. ಧಾರಾವಾಹಿ ಹೋಯಿತಲ್ಲ! "ಹಾಗಿದ್ದರೆ ನೀನೇ ಏನಾದರೂ ಓದಿ ಹೇಳು" ಎಂದು ನಮ್ಮ ಈ ಪತ್ರಿಕೆಯನ್ನೇ ಮೊಮ್ಮಗನ ಕೈಗೆ ಕೊಟ್ಟರಂತೆ. ಮಾತನಾಡುವ ಕನ್ನಡ ಅವನಿಗೆ ಚೆನ್ನಾಗಿ ಬರುತ್ತದೆ, ಓದುವುದು ಅಕ್ಷರಕ್ಕೊಂದು ಉಸಿರು. ವಾರದಲ್ಲಿ ಎರಡು ಪುಟ ಮುಗಿಸಿದ್ದಾನೆ. ಒತ್ತಕ್ಷರ ಬಂದಲ್ಲೆಲ್ಲ ಅಜ್ಜಿಯೇ ತಿದ್ದಿದರಂತೆ.

ಎಂಟನೇ ದಿನ ದೀಪ ಆರಿಸಿ ಟಿ.ವಿ. ಹಾಕಿದೆವು. ನೀಲಿ ಬೆಳಕಿಲ್ಲ, ಸದ್ದಿಲ್ಲ. ಆದರೂ ನಾನು ಅಜ್ಜಿಗೆ ಸತ್ಯವನ್ನೇ ಹೇಳಿದೆ: "ಸೆಟ್ಟಿಗೆ ವಯಸ್ಸಾಗಿದೆ. ಹಾಕಿಟ್ಟು ಮಲಗಬೇಡಿ, ಮೇನ್ ಆಫ್ ಮಾಡಿ. ಮುಂದಿನ ಮಳೆಗಾಲಕ್ಕೆ ಮೊದಲು ಇವನೇ ಮತ್ತೆ ಬಿಚ್ಚಿ ನೋಡಬೇಕು." ಹುಡುಗ ತಲೆಯಾಡಿಸಿ, ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದ. ತಾರೀಖು, ಬಳಸಿದ ಅಂಟಿನ ಹೆಸರು, ಎಷ್ಟು ಪದರ, ಕೆಳಗೆ ತನ್ನ ಸಹಿ. ಎಲ್ಲ ಕನ್ನಡದಲ್ಲಿ, ಎರಡು ತಪ್ಪುಗಳೊಂದಿಗೆ. ನಾನು ತಿದ್ದಲಿಲ್ಲ.

ನೀವೂ ಏನನ್ನಾದರೂ ಬಿಚ್ಚಿ ಸರಿಮಾಡಿದರೆ ಅಂಥ ಒಂದು ಚೀಟಿ ಒಳಗಿಡಿ. ಕೆಟ್ಟರೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಬೆಸುಗೆ ಹಿಡಿಯುವ ಬಗೆ ನೋಡೋಣ. ಅಲ್ಲಿಯವರೆಗೆ ಕೈ ಒಣಗಿರಲಿ, ಮನಸ್ಸಿಗೆ ಆತುರ ಬೇಡ.

ನಿಮ್ಮವನೇ ಆದ
ಕೈಗೆಲಸದ ಅಂಕಲ್